ಊಟದ ಹೊತ್ತಿನ ಇಂಗ್ಲಿಷು

ಪಾಂಡವಪುರ
ಶನಿವಾರ, ೧೫ ಫೆಬ್ರವರಿ ೨೦೨೫

ಮಗ ಹೇಮಂತನಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಹೋಗಿ ಪೆನ್ನು ಎತ್ತಿಬಿಟ್ಟೆ. ಇವತ್ತು ಆ ಮಾತು ಕೈಗೆ ಬರುತ್ತಿಲ್ಲ. ಆದರೂ ಹೆತ್ತ ಮೇಲೆ ಮೊದಲು ಆರೋಗ್ಯ ಕೇಳಬೇಕು, ಕೇಳುತ್ತೇನೆ. ಗೋವಾದ ನೀರು ಹಿಡಿಸಿತೇ? ಚಿಕ್ಕಂದಿನಿಂದ ನಿನಗೆ ನೀರು ಬದಲಾದರೆ ಗಂಟಲು ಕಟ್ಟುತ್ತದೆ, ಬಿಸಿನೀರು ಕುಡಿ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ‘ಓಕೆ ಮಾ, ಲವ್ ಯು ಮಾ’ ಎಂದು ಕತ್ತರಿಸಿಬಿಡುತ್ತೀಯ. ಕಾಗದವನ್ನು ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಒಂದು ಸಲ ಓದಿಯೇ ಓದುತ್ತೀಯ. ಅಷ್ಟು ನಿನ್ನ ಗುಣ ನನಗೆ ಗೊತ್ತು.

ಗುರುವಾರ ನೀನು ಫೋನು ಮಾಡಿ ಹೇಳಿದ್ದನ್ನು ಎರಡು ದಿನದಿಂದ ತಲೆಯಲ್ಲಿ ತಿರುವಿ ಹಾಕುತ್ತಿದ್ದೇನೆ. ನಾಳೆ ನಾಗಮಂಗಲದಲ್ಲಿ ನಿನ್ನ ದೊಡ್ಡಪ್ಪ ರಂಗಸ್ವಾಮಿಯವರ ಮನೆಯಲ್ಲಿ ಮಾತುಕತೆಗೆ ಕೂರುತ್ತಾರೆ. ತವರಿಗೆ ಹೋಗಿರುವ ನಿನ್ನ ಹೆಂಡತಿ ಹರ್ಷಿತಳನ್ನು ಅವಳ ಅಪ್ಪ ಅಮ್ಮ ಕೆ.ಆರ್. ಪೇಟೆಯಿಂದ ಕರೆದುಕೊಂಡು ಬರುತ್ತಾರೆ. ನಿನಗೆ ರಜೆ ಇಲ್ಲವಂತೆ, ನಿನ್ನ ಪರವಾಗಿ ನಾನು ಹೋಗಬೇಕಂತೆ. ಹೋಗಿ ಏನು ಹೇಳಬೇಕೆಂದೂ ನೀನೇ ಕಲಿಸಿಕೊಟ್ಟೆ. ‘ಅವ್ವ, ನೀನು ಸುಳ್ಳೇನೂ ಏಳ್ಬೇಡ. ಮನೇಲಿ ಒಂದಿನ ಜೋರು ದನಿ ಎದ್ದಿಲ್ಲ, ನನ್ ಮಗನ ಬಾಯಲ್ಲಿ ಒಂದು ಕೆಟ್ಟ ಮಾತ ಕೇಳಿಲ್ಲ ಅಂತ ಏಳು, ಸಾಕು. ನಿಜಾನೇ ತಾನೆ?’ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಅಷ್ಟು ಹೇಳಿದರೆ ದೊಡ್ಡಪ್ಪ ಹರ್ಷಿತಳಿಗೇ ಬುದ್ಧಿ ಹೇಳಿ, ಅವಳನ್ನೂ ಮಗುವನ್ನೂ ನಿನ್ನ ಕೈಗೆ ಒಪ್ಪಿಸುತ್ತಾರೆ. ನಿನ್ನ ಲೆಕ್ಕ ಅದು. ಅದಕ್ಕೆ ಉತ್ತರ ಈ ಕಾಗದ.

ಮೊದಲು ನನ್ನ ಪೆದ್ದುತನದಿಂದಲೇ ಶುರು ಮಾಡುತ್ತೇನೆ. ನೀವಿಬ್ಬರೂ ಮನೆಯಲ್ಲಿ ಇಂಗ್ಲಿಷು ಶುರು ಮಾಡಿದಾಗ ನಾನು ಹಿಗ್ಗಿದ್ದೆ. ನೀನು ಶ್ರೀರಂಗಪಟ್ಟಣದ ರೆಸಾರ್ಟಿನಲ್ಲಿ ಪರದೇಶದ ದೊರೆಗಳನ್ನು ಎದುರುಗೊಳ್ಳುವವನು, ಅವಳು ಶಾಲೆಯಲ್ಲಿ ಟೀಚರು, ಭೂಮಿಕಳನ್ನು ಇಂಗ್ಲಿಷು ಶಾಲೆಗೆ ಸೇರಿಸಿದ್ದೀರಿ, ಮಗುವಿನ ಕಿವಿಗೆ ಬೀಳಲಿ ಎಂದು ನೀನೇ ಹೇಳಿದ್ದೆ. ಊಟಕ್ಕೆ ಕೂತರೆ ನೀನು ಮೆಲ್ಲಗೆ, ನಗುನಗುತ್ತಾ, ‘ಡಾರ್ಲಿಂಗ್’ ಎಂದು ಶುರು ಮಾಡಿ ಏನೋ ಹೇಳುತ್ತಿದ್ದೆ. ಅವಳು ತಟ್ಟೆ ನೋಡಿಕೊಂಡು ‘ಓಕೆ, ಸಾರಿ’ ಎನ್ನುತ್ತಿದ್ದಳು. ಇಂಗ್ಲಿಷಿನವರು ಮಾತಿಗೊಮ್ಮೆ ಸಾರಿ ಹೇಳುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಎಂಥ ಮರ್ಯಾದೆಯ ಭಾಷೆ ಎಂದುಕೊಂಡೆ. ಪಕ್ಕದ ಮನೆಯ ಮಂಗಳಮ್ಮನಿಗೂ ಅವಳ ಗಂಡನಿಗೂ ದಿನ ಬೆಳಗಾದರೆ ಜಗಳ. ಅವಳ ಮುಂದೆ ಕೂತು, ‘ನಮ್ಮನೇಲಿ ಇಂಗೆಲ್ಲ ಇಲ್ಲ ಕಣವ್ವ, ಗಂಡ ಎಂಡ್ರು ಇಂಗ್ಲೀಷಲ್ಲಿ ಪಾರಿವಾಳ ಮಾತಾಡ್ದಂಗೆ ಮಾತಾಡ್ತವೆ’ ಎಂದು ಜಂಬ ಕೊಚ್ಚಿದ್ದೇನೆ. ಅವಳ ಗಂಡ ಬೈಯುವುದು ಬೀದಿಗೆಲ್ಲ ಕೇಳುತ್ತಿತ್ತು. ನೀನು ಬೈಯುವುದು ನನಗೂ ಕೇಳುತ್ತಿರಲಿಲ್ಲ.

ನನಗೂ ಆ ಮಾತಿನಲ್ಲಿ ಒಂದು ತುತ್ತು ಬೇಕು ಎನಿಸಿತು, ನೋಡು. ಕಳೆದ ಗೌರಿ ಹಬ್ಬ ಕಳೆದ ಮೇಲೆ, ಅರವತ್ತೆರಡನೆಯ ವಯಸ್ಸಿನಲ್ಲಿ, ಮಂಗಳಮ್ಮನ ಮೊಮ್ಮಗಳು ಪ್ರಿಯಾಂಕಳ ಹತ್ತಿರ ಇಂಗ್ಲಿಷು ಕಲಿಯಲು ಕೂತೆ. ಮೈಸೂರಿಗೆ ರೈಲಿನಲ್ಲಿ ಕಾಲೇಜಿಗೆ ಹೋಗಿಬರುವ ಹುಡುಗಿ, ಅವಳ ಕಾಲುಚೈನಿನ ಕೊಂಡಿ ಕಿತ್ತುಹೋಗಿದ್ದನ್ನು ನಾನು ಬೆಸುಗೆ ಹಾಕಿಕೊಟ್ಟಿದ್ದೆ. ಆ ಉಪಕಾರಕ್ಕೆ ಒಪ್ಪಿಕೊಂಡಳು. ನಿನ್ನ ಅಪ್ಪನ ಚಿನ್ನಬೆಳ್ಳಿ ಅಂಗಡಿಯ ಹಳೆಯ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲಿ ಇಂಗ್ಲಿಷಿನ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆಯುತ್ತಾ ಹೋದೆ. ಪುಸ್ತಕದ ಇಂಗ್ಲಿಷು ಬೇಡ, ಮನೆಯಲ್ಲಿ ಆಡುವುದು ಹೇಳಿಕೊಡು ಎಂದೆ. ‘ಹ್ಯಾಂಗ್ ಔಟ್’ ಎಂದರೆ ಜೊತೆಯಲ್ಲಿ ಸುಮ್ಮನೆ ಕಾಲ ಕಳೆಯುವುದು, ನೇಣಿಗೂ ಅದಕ್ಕೂ ಸಂಬಂಧವಿಲ್ಲ. ‘ಮೈ ಬ್ಯಾಡ್’ ಎಂದರೆ ತಪ್ಪು ನನ್ನದು. ‘ನೋ ವರೀಸ್’ ಎಂದರೆ ಪರವಾಗಿಲ್ಲ ಬಿಡು. ‘ಚಿಲ್’ ಎಂದರೆ ಅಜ್ಜಿ ಸುಮ್ಮನಿರಬೇಕು ಎಂದು ಭೂಮಿಕಳೇ ಹೇಳಿಕೊಟ್ಟಳು. ಪ್ರಿಯಾಂಕ ನನ್ನ ಬಾಯಿ ತಿರುಗದ್ದಕ್ಕೆ ಬಿದ್ದು ಬಿದ್ದು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನಿಮಗೆ ಸುಳಿವು ಕೊಡಲಿಲ್ಲ. ಈ ಯುಗಾದಿಯ ದಿನ ಹೋಳಿಗೆ ಬಡಿಸುತ್ತಾ ಒಂದೇ ಒಂದು ಮಾತು ಇಂಗ್ಲಿಷಿನಲ್ಲಿ ಆಡಿ ಇಬ್ಬರನ್ನೂ ಬೆರಗುಗೊಳಿಸಬೇಕು ಎಂಬುದು ನನ್ನ ಆಸೆ. ಆಸೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತಿದೆ.

ಕಲಿತದ್ದು ಸಾಲದು, ನೀವು ಆಡುವುದನ್ನೇ ಕಲಿಯೋಣ ಎಂದು ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತನ್ನು ನೆನಪಿಟ್ಟುಕೊಂಡು, ಅಡುಗೆಮನೆಗೆ ಹೋಗಿ ಬರೆದಿಡತೊಡಗಿದೆ. ಕಾರ್ತಿಕ ಮಾಸದ ಒಂದು ಸೋಮವಾರ. ಹರ್ಷಿತ ಉಪವಾಸವಿದ್ದು, ನಿನಗೆ ಬಡಿಸುವಾಗ ಸಾರಿನ ಸೌಟು ಜಾರಿ ನಿನ್ನ ಅಂಗಿಯ ಮೇಲೆ ಎರಡು ಹನಿ ಬಿತ್ತು. ನೀನು ನಕ್ಕೆ. ನಕ್ಕು, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾ, ಮೆತ್ತಗೆ ಎರಡು ಮಾತಾಡಿದೆ. ಮಾರನೆಯ ದಿನ ಅವನ್ನು ಪ್ರಿಯಾಂಕಳ ಮುಂದೆ ಓದಿದೆ. ‘ಡೆಡ್ ವೆಯ್ಟ್.’ ‘ಶಟ್ ಯುವರ್ ಟ್ರ್ಯಾಪ್.’ ಆ ಹುಡುಗಿ ನಗಲಿಲ್ಲ. ‘ಅಜ್ಜಿ, ಇದ್ನ ಯಾರು ಯಾರಿಗೆ ಅಂದ್ರು?’ ಎಂದಳು. ‘ಟೀವೀಲಿ ಕಣವ್ವ’ ಎಂದೆ. ಮೊದಲನೆಯದಕ್ಕೆ ಹೆಣಭಾರ, ಹೊತ್ತವರಿಗೆ ದಂಡ, ಯಾವುದಕ್ಕೂ ಬಾರದವಳು ಎಂದು ಬರೆಸಿದಳು. ಎರಡನೆಯದಕ್ಕೆ, ನಾಯಿಗೆ ಹೇಳುವ ಹಾಗೆ ಬಾಯಿ ಮುಚ್ಚು ಎಂದು. ನಾನು ಬರೆದುಕೊಂಡೆ. ಮನೆಗೆ ಬಂದು ಬೇಳೆಗೆ ನೀರಿಟ್ಟೆ. ಅವತ್ತು ರಾತ್ರಿ ನೀನು ಊಟಕ್ಕೆ ಬಂದಾಗ ನಿನಗೇ ಮೊದಲು ಬಡಿಸಿದೆ.

ಆಮೇಲೆ ಮೂರು ತಿಂಗಳು ಬರೆದಿದ್ದೇನೆ, ಹೇಮಂತ. ತಿಂಡಿಯ ಹೊತ್ತಿನದು ಬೇರೆ, ಊಟದ ಹೊತ್ತಿನದು ಬೇರೆ. ಅವಳ ಮೈಯನ್ನು ದನಕ್ಕೆ ಹೋಲಿಸಿದ್ದು, ಅವಳ ಬುದ್ಧಿಯನ್ನು ಇಟ್ಟಿಗೆಗೆ ಹೋಲಿಸಿದ್ದು, ಅವಳ ಅಪ್ಪನ ಮರಗೆಲಸವನ್ನು ಆಡಿಕೊಂಡದ್ದು. ‘ಗೋಲ್ಡ್ ಡಿಗ್ಗರ್’ ಎಂದೂ ಒಂದು ದಿನ ಅಂದೆ. ಅಪ್ಪ ಮಾಡಿಸಿಕೊಟ್ಟ ಎರಡೆಳೆ ಸರದಲ್ಲೇ ಎಂಟು ವರ್ಷ ಕಳೆದ ಹೆಂಗಸಿಗೆ, ಚಿನ್ನಕ್ಕಾಗಿ ಗಂಡನನ್ನು ಹಿಡಿದವಳು ಎಂದು ಅಕ್ಕಸಾಲಿಗರ ಮನೆಯ ಮಗ ಅನ್ನುವ ಮಾತೇ ಅದು! ಇನ್ನೊಂದು ಮಾತಿದೆ, ಅದರ ಅರ್ಥ ಕೇಳಿದಾಗ ಪ್ರಿಯಾಂಕ ಎದ್ದು ಒಳಗೆ ಹೋಗಿಬಿಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತಿದೆ. ಒಂದು ಸಲವಾದರೂ ನಿನ್ನ ದನಿ ಏರಲಿಲ್ಲ. ಏರಿದ್ದರೆ ನಾನು ‘ಏನ್ಲಾ ಅದು’ ಎಂದು ಕೇಳುತ್ತಿದ್ದೆ. ಕೇಳುತ್ತಾಳೆ ಎಂದು ಗೊತ್ತಿದ್ದೇ ನೀನು ಮೆತ್ತಗೆ ಆಡುತ್ತಿದ್ದೆ. ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆಯನ್ನು ನಾನು ಬೇರೆಯವರ ಮಕ್ಕಳಿಗೆ ಬಳಸುತ್ತಿದ್ದೆ. ಇಷ್ಟೆಲ್ಲ ತಿಳಿದೂ ನಾನು ಏಕೆ ಸುಮ್ಮನಿದ್ದೆ ಎಂದು ಕೇಳು. ಹೆತ್ತವರಿಗೆ ಹೆಗ್ಗಣ ಮುದ್ದು. ಕೆಲಸದ ಒತ್ತಡ ಇರಬೇಕು, ರೆಸಾರ್ಟಿನಲ್ಲಿ ಯಾರೋ ಬೈದಿರಬೇಕು, ಸಂಕ್ರಾಂತಿ ಕಳೆದರೆ ಸರಿಹೋಗುತ್ತಾನೆ ಎಂದು ನಾನೇ ನಿನಗೆ ನೆಪ ಹುಡುಕಿಕೊಡುತ್ತಿದ್ದೆ. ಹರ್ಷಿತಳ ಮುಖ ನೋಡಲಾಗದೆ ಅವಳ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದೆ. ಅವಳು ಬೇಡ ಅತ್ತೆ ಎನ್ನುತ್ತಿದ್ದಳು. ಅಷ್ಟೇ ನನ್ನ ಪೌರುಷ.

ಇಂಗ್ಲಿಷಿನ ಮೇಲೆ ತಪ್ಪು ಹೊರಿಸುವುದಿಲ್ಲ. ನೀನು ಇದನ್ನು ಕಲಿತದ್ದು ರೆಸಾರ್ಟಿನಲ್ಲಲ್ಲ, ನಮ್ಮ ಅಂಗಡಿಯಲ್ಲಿ. ನಿನ್ನ ಅಪ್ಪ ಪುಟ್ಟಸ್ವಾಮಿ ಆಚಾರ್ರು ಅಗ್ಗಿಷ್ಟಿಕೆಯ ಮುಂದೆ ಕೂತಿದ್ದರೆ, ಗಿರಾಕಿಯ ಎದುರಿಗೇ ಅಂಗಡಿ ಮಾತು ಆಡುತ್ತಿದ್ದರು. ಮುಖ ನಗುತ್ತಿರಬೇಕು, ಮಾತು ಗಿರಾಕಿಗೆ ತಿಳಿಯಬಾರದು. ‘ಅಸ ಬಂತು, ಗೋದ್ಲಿ ನೋಡು’ ಎಂದರೆ, ಬಂದವನು ಸಾಧು, ಕೂಲಿ ಹೆಚ್ಚು ಕೇಳಬಹುದು ಎಂದು ಅರ್ಥ. ಬಂದವನು ನಮ್ಮ ಮನೆಯ ಹಸುವಿನ ಮಾತೆಂದುಕೊಂಡು, ಹಾಲು ಎಷ್ಟು ಕೊಡುತ್ತೆ ಆಚಾರ್ರೇ ಎಂದು ಕೇಳುತ್ತಿದ್ದ. ನೀನು ಏಳು ವರ್ಷದವನು, ಇಕ್ಕಳ ಹಿಡಿದು ಪಕ್ಕದಲ್ಲಿ ಕೂತು ಮುಸಿಮುಸಿ ನಗುತ್ತಿದ್ದೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಜನ ಆಡಿಕೊಳ್ಳುತ್ತಾರೆ, ಅದನ್ನು ಕೇಳಿ ನಾವೂ ನಗುತ್ತಿದ್ದೆವು. ನಾನೇನು ಕಡಿಮೆಯೇ? ಹರ್ಷಿತಳನ್ನು ನೋಡಲು ಕೆ.ಆರ್. ಪೇಟೆಗೆ ಹೋದ ದಿನ, ಆ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಾಗಲೇ, ನಾನು ನಿನ್ನ ಅಪ್ಪನಿಗೆ ಅಂಗಡಿ ಮಾತಿನಲ್ಲಿ, ‘ತೂಕ ಅದೆ, ಮೆರುಗು ಸಾಲ್ದು’ ಎಂದೆ. ಮನೆತನ ಒಳ್ಳೆಯದು, ಹುಡುಗಿ ಕಪ್ಪು ಎಂದು. ಬೀಗಿತ್ತಿ ತನ್ನ ಕೊರಳಿನ ಸರದ ಮಾತೆಂದು ತಿಳಿದು ಅದನ್ನು ಸೆರಗಿನಲ್ಲಿ ಉಜ್ಜಿಕೊಂಡರು. ಅವತ್ತೂ ನೀನು ನಕ್ಕೆ. ಅವತ್ತು ನಿನ್ನ ಕೆನ್ನೆಗೊಂದು ಬಾರಿಸಿ, ನನ್ನ ಕೆನ್ನೆಗೂ ಒಂದು ಬಾರಿಸಿಕೊಂಡಿದ್ದರೆ ಇವತ್ತು ಈ ಕಾಗದ ಬರೆಯಬೇಕಿರಲಿಲ್ಲ.

ಆದರೆ ನಿನ್ನ ಅಪ್ಪನಿಗೆ ಒಂದು ಗೆರೆ ಇತ್ತು. ಅಂಗಡಿ ಮಾತು ಹೊಸ್ತಿಲು ದಾಟಿ ಒಳಮನೆಗೆ ಬರಬಾರದು. ಒಂದು ಸಲ ಊಟಕ್ಕೆ ಕೂತಾಗ ನೀನು ನಿನ್ನ ಅಜ್ಜಿಯ ಮೇಲೆ ಅಂಗಡಿ ಮಾತಿನಲ್ಲಿ ಏನೋ ಅಂದೆ. ನಿನ್ನ ಅಪ್ಪ ಕಲಸಿದ ಅನ್ನ ಬಿಟ್ಟೆದ್ದು, ‘ಗಿರಾಕಿಗಾಡೋ ಮಾತ ಮನೆಯೋರ್ಗೆ ಆಡೋನು ಮನೆಯೋನಲ್ಲ ಕಣ್ಲಾ’ ಎಂದು ನಿನ್ನನ್ನು ಹಗಲೆಲ್ಲ ಜಗುಲಿಯ ಮೇಲೆ ಕೂರಿಸಿದ್ದರು. ಮೊಸರನ್ನ ಕದ್ದು ತಂದು ತಿನ್ನಿಸಿದವಳು ನಾನು. ಐದು ವರ್ಷವಾಯಿತು ಅವರು ಹೋಗಿ. ಇದನ್ನೆಲ್ಲ ನೋಡದೆ ಹೋದರಲ್ಲ, ಅಷ್ಟರಮಟ್ಟಿಗೆ ಪುಣ್ಯವಂತರು.

ಇನ್ನು ಫೆಬ್ರವರಿ ಎರಡನೆಯ ತಾರೀಖು, ಭಾನುವಾರ. ಮೂವರೂ ಇಡ್ಲಿ ತಿನ್ನುತ್ತಿದ್ದಿರಿ. ಹರ್ಷಿತ ಭೂಮಿಕಳಿಗೆ, ಚಟ್ನಿ ಚೆಲ್ಲಬೇಡ ಮಗಾ ಎಂದಳು, ಕನ್ನಡದಲ್ಲೇ. ಆ ಆರು ವರ್ಷದ ಮಗು ತಲೆಯನ್ನು ನಿನ್ನ ಹಾಗೇ ಒಂದು ಕಡೆಗೆ ವಾಲಿಸಿ, ನಿನ್ನ ಹಾಗೇ ನಕ್ಕು, ‘ಶಟ್ ಯುವರ್ ಟ್ರ್ಯಾಪ್, ಡಾರ್ಲಿಂಗ್’ ಎಂದಿತು. ಮನೆಯಲ್ಲಿ ಅಷ್ಟು ಕಾಲ ಅರ್ಥವಾಗದೆ ಇದ್ದವಳು ನಾನೊಬ್ಬಳೇ, ಆ ಮಗುವಿಗೆ ಮೊದಲಿನಿಂದ ಎಲ್ಲ ತಿಳಿಯುತ್ತಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ನೀನಾದರೂ ಗದರುತ್ತೀಯ ಎಂದು ನೋಡಿದೆ. ನೀನು ಚಪ್ಪಾಳೆ ತಟ್ಟಿದೆ. ‘ಸೋ ಕ್ಯೂಟ್’ ಎಂದು ಮೊಬೈಲು ತೆಗೆದು, ಇನ್ನೊಂದು ಸಲ ಹೇಳು ಎಂದೆ. ಹರ್ಷಿತ ಅಳಲಿಲ್ಲ. ಮಗುವಿನ ಬಾಯಿ ಒರೆಸಿ ಎದ್ದಳು. ಮಾರನೆಯ ದಿನ ಬೆಳಗಿನ ಬಸ್ಸಿಗೆ ಮಗುವನ್ನು ಕರೆದುಕೊಂಡು ತವರಿಗೆ ಹೋದಳು, ಬುಧವಾರ ನೀನು ಗೋವಾದ ಟ್ರೇನಿಂಗಿಗೆ ಹೋದೆ. ಹೊರಡುವಾಗ ನೀನು ಅಂದದ್ದು, ‘ಅವ್ಳು ಬತ್ತಾಳೆ ಬುಡವ್ವ, ಎಲ್ಲೋಯ್ತಾಳೆ’ ಎಂದು. ಅದೊಂದನ್ನು ಮಾತ್ರ ಕನ್ನಡದಲ್ಲಿ ಅಂದೆ.

ಈಗ ನಾಳೆಯ ಮಾತು. ಹರ್ಷಿತಳ ಕೈಯಲ್ಲಿ ಏನೂ ಇಲ್ಲ. ನೀನು ಹೊಡೆದಿಲ್ಲ, ಕುಡಿದಿಲ್ಲ, ಕೂಗಿಲ್ಲ. ಇಂಗ್ಲಿಷಿನಲ್ಲಿ ಏನೇನೋ ಅನ್ನುತ್ತಾರೆ ಎಂದರೆ ದೊಡ್ಡಪ್ಪ ನಕ್ಕುಬಿಡುತ್ತಾರೆ. ಆ ಮಾತುಗಳನ್ನು ಅವಳು ತನ್ನ ಅಪ್ಪನ ಎದುರು ತನ್ನ ಬಾಯಿಂದ ಹೇಳುವವಳಲ್ಲ. ನೀನು ಇದೆಲ್ಲ ಎಣಿಸಿಯೇ ನನ್ನನ್ನು ಸಾಕ್ಷಿಗೆ ಕಳಿಸುತ್ತಿದ್ದೀಯ, ಕಿವುಡಿಯನ್ನು ಹಾಡಿನ ಸ್ಪರ್ಧೆಗೆ ತೀರ್ಪು ಹೇಳಲು ಕೂರಿಸಿದ ಹಾಗೆ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದರೆ, ನೀನು ಎದುರಿಗಿದ್ದಿದ್ದರೆ ಬರೆಯುತ್ತಿರಲಿಲ್ಲ, ಪೊರಕೆ ಹಿಡಿಯುತ್ತಿದ್ದೆ. ಆದರೂ ನಿಜ ಹೇಳುತ್ತೇನೆ, ನಾಳೆ ಎಲ್ಲರ ಎದುರು ನನ್ನ ಬಾಯಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನನ್ನು ನಾಲ್ಕು ಜನರ ನಡುವೆ ಇಳಿಸಿ ಮಾತಾಡುವುದು ಸುಲಭವಲ್ಲ. ಮೂರು ತಿಂಗಳು ಸುಮ್ಮನಿದ್ದವಳು ನಾಲ್ಕನೆಯ ತಿಂಗಳಿಗೂ ಸುಮ್ಮನಿರಬಹುದು. ‘ಜೋರು ದನಿ ಕೇಳಿಲ್ಲ’ ಎಂಬ ಮಾತು ನಿಜವೇ, ಹೇಳಿ ಎದ್ದು ಬರಬಹುದು. ಹಾಗೆ ಹೇಳಿದರೆ ನನ್ನ ಮಗ ನನಗೆ ಉಳಿಯುತ್ತಾನೆ, ಆ ಹುಡುಗಿ ಮತ್ತೆ ಬಂದು ತಟ್ಟೆ ನೋಡಿಕೊಂಡು ಸಾರಿ ಎನ್ನುತ್ತಾಳೆ, ಮಗು ಹೊಸ ಮಾತು ಕಲಿಯುತ್ತದೆ. ಇಂಥ ಇಕ್ಕಟ್ಟಿಗೆ ತಾಯಿಯನ್ನು ತಂದು ನಿಲ್ಲಿಸಿದ ನಿನಗೆ ಏನು ಹೇಳಲಿ?

ಕಾಗದದ ಕೊನೆಗೆ ಆಶೀರ್ವಾದ ಬರೆಯಬೇಕು. ಆಯುಷ್ಯ ಇರಲಿ. ಉಳಿದದ್ದನ್ನು ನಮ್ಮ ಮನೆದೇವರು ಕಾಳಮ್ಮ ನೋಡಿ ಕೊಡಲಿ. ಬಿಸಿನೀರು ಕುಡಿ.

ಇಂತು,
ನಿನ್ನ ತಾಯಿ
ಪುಟ್ಟಲಕ್ಷ್ಮಮ್ಮ

ತಾ.ಕ.: ಭಾನುವಾರ ಸಂಜೆ, ನಾಗಮಂಗಲ ಬಸ್ ಸ್ಟ್ಯಾಂಡು. ಕಾಗದ ಪೋಸ್ಟ್ ಮಾಡದೆ ಚೀಲದಲ್ಲೇ ಇತ್ತು, ಬಸ್ಸು ಬರುವುದರೊಳಗೆ ಬರೆದುಬಿಡುತ್ತೇನೆ. ದೊಡ್ಡಪ್ಪ ನನ್ನನ್ನು ಕೇಳಿದರು. ಜೋರು ದನಿ ಕೇಳಿಲ್ಲ ಎಂದೆ. ಹರ್ಷಿತ ತಲೆ ತಗ್ಗಿಸಿದಳು, ಅವಳ ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಎದ್ದರು. ಅದನ್ನು ನೋಡಲಾಗಲಿಲ್ಲ. ಕೂತ್ಕಳಿ ಬೀಗ್ರೆ, ಇನ್ನೂ ಅದೆ ಎಂದೆ. ನೀನು ಆಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಒಬ್ಬರಿಗೂ ತಿಳಿಯಲಿಲ್ಲ. ದೊಡ್ಡಪ್ಪ, ‘ಇದ್ರಲ್ಲೇನವ್ವ ತಪ್ಪು?’ ಎಂದರು. ಆಗ ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ, ನಮ್ಮ ಬೀದಿಯ ಕನ್ನಡಕ್ಕೆ, ನನ್ನ ಬಾಯಿಂದ, ನನ್ನ ಭಾವನವರ ಎದುರು. ನಾಲ್ಕನೆಯ ಮಾತಿಗೆ ಅವರು ಕನ್ನಡಕ ತೆಗೆದು, ‘ಸಾಕು ಬುಡವ್ವ’ ಎಂದರು. ನಾನು ಬಿಡಲಿಲ್ಲ, ಐದನೆಯದನ್ನೂ ಹೇಳಿದೆ. ಹರ್ಷಿತ ಬಂದು ನನ್ನ ಬಾಯಿ ಮುಚ್ಚಿದಳು.

ಅವಳ ಕೆಲಸ, ಮಗುವಿನ ಶಾಲೆ ಎರಡೂ ಪಾಂಡವಪುರದಲ್ಲಿ. ಬುಧವಾರ ಇಬ್ಬರೂ ನಮ್ಮ ಮನೆಗೆ ಬರುತ್ತಾರೆ, ಅಲ್ಲೇ ಇರುತ್ತಾರೆ. ನಿನ್ನ ಬಟ್ಟೆಬರೆಯನ್ನು ನಾಳೆಯೇ ದೊಡ್ಡಪ್ಪನ ಮನೆಗೆ ತಲುಪಿಸುತ್ತೇನೆ, ಅವರು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಗೋವಾದಿಂದ ಬಂದವನು ನಾಗಮಂಗಲಕ್ಕೆ ಹೋಗು, ನಮ್ಮ ಮನೆಗೆ ಬರಬೇಡ. ಬಸ್ಸು ಬಂತು.